ದುಬಾರಿ ಕ್ಯಾಮೆರಾ ಕೆಟ್ಟಾಗ: ಸರ್ವಿಸ್, ದುರಸ್ತಿ ಮತ್ತು ಕಂಪನಿಗಳ ನಡವಳಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋ ತೆಗೆಯುವುದು ಹೇಗೆ ಎಂದು ನನ್ನನ್ನು ಕೇಳುವವರು ಕಡಿಮೆ. ಕ್ಯಾಮೆರಾ ಕೆಟ್ಟಿದೆ, ಈಗೇನು ಮಾಡಲಿ ಎಂದು ಕೇಳುವವರು ಬಹಳ. ಕಬಿನಿಯಲ್ಲಿ ಸಫಾರಿ ಮುಗಿಸಿ ಬಂದವರು, ಮದುವೆ ಸೀಸನ್ನಿನ ನಡುವೆ ಶಟರ್ ನಿಂತುಹೋದವರು, ತಂದೆಯ ಕಾಲದ ಲೈಕಾವನ್ನು ಬೀರುವಿನಿಂದ ಹೊರತೆಗೆದವರು, ಹೀಗೆ ನಾನಾ ಬಗೆಯ ಜನ ಪತ್ರದಲ್ಲಿ, ಫೋನಿನಲ್ಲಿ, ಎದುರಾದಾಗ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಲೈಕಾ, ಹ್ಯಾಸಲ್‌ಬ್ಲಾಡ್, ನಿಕಾನ್, ಕ್ಯಾನನ್ ಕಂಪನಿಗಳ ಉದಾಹರಣೆಗಳೇ ಹೆಚ್ಚಾಗಿವೆ, ಏಕೆಂದರೆ ಪ್ರಶ್ನೆಗಳು ಬಂದದ್ದೂ ಅವುಗಳ ಬಗ್ಗೆಯೇ.

## ಮೊದಲ ಪ್ರಶ್ನೆಗಳು

ಇಷ್ಟು ದುಡ್ಡು ಕೊಟ್ಟು ತಂದ ಕ್ಯಾಮೆರಾ ಕೂಡ ಕೆಡುತ್ತದೆಯೇ?

ಕೆಡುತ್ತದೆ. ಬೆಲೆ ಹೆಚ್ಚಿದ್ದರೆ ಲೋಹದ ಮೈ, ಬಿಗಿಯಾದ ಅಳತೆ, ಒಳ್ಳೆಯ ಗಾಜು ಸಿಗುತ್ತವೆ. ವಿನ್ಯಾಸದ ತಪ್ಪುಗಳಿಂದ ಬಿಡುಗಡೆ ಸಿಗುವುದಿಲ್ಲ. ಲೈಕಾ 2006ರಲ್ಲಿ ತನ್ನ ಮೊದಲ ಡಿಜಿಟಲ್ ರೇಂಜ್‌ಫೈಂಡರ್ (ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ) ಎಂ8 ಅನ್ನು ತಂದಾಗ, ಬೆಳಕನ್ನು ಚಿತ್ರವಾಗಿಸುವ ಸೆನ್ಸರಿನ ಮುಂದಿನ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ತಡೆಯುವ ಗಾಜನ್ನು ತೀರಾ ತೆಳ್ಳಗೆ ಇಟ್ಟಿತ್ತು. ಈ ಕ್ಯಾಮೆರಾಕ್ಕೆ ಹಾಕುವ ಎಂ ಲೆನ್ಸುಗಳ ಹಿಂಭಾಗ ಸೆನ್ಸರಿಗೆ ಬಹಳ ಹತ್ತಿರ ಬರುವುದರಿಂದ, ದಪ್ಪ ಗಾಜು ಹಾಕಿದರೆ ಚಿತ್ರದ ಮೂಲೆಗಳು ಮಂಕಾಗುತ್ತವೆ ಎಂಬುದು ಅದಕ್ಕೆ ಕಾರಣ. ಪರಿಣಾಮವಾಗಿ ಕಣ್ಣಿಗೆ ಕಾಣದ ಆ ಬೆಳಕು ಒಳಹೊಕ್ಕು ಕಪ್ಪು ಸಿಂಥೆಟಿಕ್ ಕೋಟುಗಳೆಲ್ಲ ಫೋಟೋದಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗಿದವು. ಕೊನೆಗೆ ಲೈಕಾ ಕೊಂಡವರಿಗೆಲ್ಲ ಲೆನ್ಸಿನ ಮುಂದೆ ಹಾಕಿಕೊಳ್ಳುವ ಎರಡು ಫಿಲ್ಟರುಗಳನ್ನು ಉಚಿತವಾಗಿ ಕೊಡಬೇಕಾಯಿತು. 2005ರ ಕ್ಯಾನನ್ 5ಡಿಯಲ್ಲಿ ಮುಖ್ಯ ಕನ್ನಡಿ ಅಂಟು ಬಿಟ್ಟು ಕಳಚಿಕೊಳ್ಳುತ್ತಿತ್ತು; ಅದನ್ನೂ ಕಂಪನಿ ಉಚಿತವಾಗಿ ಸರಿಪಡಿಸಿಕೊಟ್ಟಿತು. ಆದ್ದರಿಂದ ಕ್ಯಾಮೆರಾ ಕೊಳ್ಳುವಾಗ ಅದು ಕೆಟ್ಟರೆ ಯಾರು ನೋಡುತ್ತಾರೆ, ಎಷ್ಟು ವರ್ಷ ನೋಡುತ್ತಾರೆ ಎಂಬುದನ್ನು ಮೆಗಾಪಿಕ್ಸೆಲ್ಲಿನಷ್ಟೇ ಗಂಭೀರವಾಗಿ ವಿಚಾರಿಸಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ವಾರಂಟಿಯಲ್ಲಿ ಏನೇನು ಬರುತ್ತದೆ? ಮಳೆಗೆ ಏನೂ ಆಗದು ಎಂದು ಅಂಗಡಿಯವರು ಹೇಳಿದ್ದರು.

ತಯಾರಿಕೆಯ ದೋಷ ಮಾತ್ರ ಬರುತ್ತದೆ. ಕೈಜಾರಿ ಬಿದ್ದದ್ದು, ನೀರು ಹೊಕ್ಕದ್ದು, ಮರಳು ಸೇರಿದ್ದು, ಬೂಷ್ಟು ಹಿಡಿದದ್ದು ಯಾವುದೂ ಬರುವುದಿಲ್ಲ. ಕ್ಯಾಮೆರಾದ ಕೀಲುಗಳಲ್ಲಿ ರಬ್ಬರಿನ ಪಟ್ಟಿ ಹಾಕಿ ಧೂಳು, ಹನಿ ತಡೆಯುವಂತೆ ಮಾಡಿರುವುದು ನಿಜ. ಆದರೂ ಒಳಗೆ ನೀರಿನ ಕಲೆ ಕಂಡರೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಅದೇ ಕಂಪನಿಯ ವಾರಂಟಿ ಕಾರ್ಡಿನಲ್ಲಿ ಬರೆದಿರುತ್ತದೆ. ಆಗುಂಬೆಯ ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇಲ್ಲದೆ ಕ್ಯಾಮೆರಾ ತೆಗೆಯಬೇಡಿ. ಸಮುದ್ರದ ನೀರು ಸಿಡಿದಿದ್ದರೆ ಸ್ವಿಚ್ ಹಾಕಿ ಪರೀಕ್ಷಿಸಲು ಹೋಗದೆ ಮೊದಲು ಬ್ಯಾಟರಿ ತೆಗೆಯಿರಿ. ಉಪ್ಪುನೀರಿನಲ್ಲಿ ವಿದ್ಯುತ್ ಹರಿದರೆ ಸರ್ಕ್ಯೂಟ್ ಬೋರ್ಡಿನ ತಾಮ್ರ ಬಹಳ ಬೇಗ ಕಿಲುಬುತ್ತದೆ.

ಅಪಘಾತಕ್ಕೆ ಬೇಕಾದದ್ದು ವಿಮೆ. ವಾರಂಟಿ ಬೇರೆ, ವಿಮೆ ಬೇರೆ. ವೃತ್ತಿಯಲ್ಲಿರುವವರು ಎರಡನ್ನೂ ಇಟ್ಟುಕೊಳ್ಳಬೇಕು.

ದುಬೈನಲ್ಲಿರುವ ಮಾವ ಕ್ಯಾಮೆರಾ ತಂದುಕೊಟ್ಟರು. ಇಲ್ಲಿ ಸರ್ವಿಸ್ ಮಾಡಿಕೊಡುತ್ತಾರೆಯೇ?

ಹಣ ಕೊಟ್ಟರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಉಚಿತವಾಗಿ ಮಾಡಿಕೊಡುವುದು ಕಂಪನಿಯ ನಿಯಮದ ಮೇಲೆ ನಿಂತಿದೆ. ದೊಡ್ಡ ಕಂಪನಿಗಳು ಪ್ರತಿ ದೇಶಕ್ಕೂ ಬೇರೆ ಬೇರೆ ಮಾರಾಟ ಸಂಸ್ಥೆಗಳನ್ನು ಇಟ್ಟುಕೊಂಡಿವೆ. ಆಯಾ ದೇಶದ ವಾರಂಟಿಯ ಖರ್ಚನ್ನು ಆಯಾ ದೇಶದ ಸಂಸ್ಥೆಯೇ ಹೊರುವುದರಿಂದ, ಬೇರೆ ದೇಶದಲ್ಲಿ ಮಾರಾಟವಾದ ಕ್ಯಾಮೆರಾದ ಹೊಣೆ ತನ್ನದಲ್ಲ ಎಂದು ಇಲ್ಲಿನ ಸಂಸ್ಥೆ ಹೇಳಬಹುದು. ಮಾವನಿಂದ ಬಿಲ್ಲಿನ ಮೂಲಪ್ರತಿ ಮತ್ತು ಅಲ್ಲಿನ ಅಂಗಡಿಯ ಮುದ್ರೆ ಇರುವ ವಾರಂಟಿ ಕಾರ್ಡು ತರಿಸಿಟ್ಟುಕೊಳ್ಳಿ. ಬಿಲ್ಲೇ ಇಲ್ಲದೆ ಕಡಿಮೆ ಬೆಲೆಗೆ ಸಿಗುವ ಗ್ರೇ ಮಾರ್ಕೆಟ್ ಮಾಲಿನ ವಿಷಯ ಇನ್ನೂ ಕಷ್ಟ. ಅಂಗಡಿಯವರು ಬರೆದುಕೊಡುವ ‘ಶಾಪ್ ವಾರಂಟಿ’ಗೆ ಆ ಅಂಗಡಿ ಬಾಗಿಲು ತೆರೆದಿರುವಷ್ಟು ದಿನ ಮಾತ್ರ ಬೆಲೆ.

ಸರ್ವಿಸ್ ಸೆಂಟರಿಗೆ ಕೊಡುವ ಮುಂಚೆ ನಾನು ಏನು ಸಿದ್ಧ ಮಾಡಿಕೊಳ್ಳಬೇಕು?

ತೊಂದರೆ ಏನೆಂದು ತೋರಿಸುವ ಸಾಕ್ಷಿ ಬೇಕು. ನಾನು ಇದನ್ನು ಕಲಿತದ್ದು ಎರಡು ತಿಂಗಳು ಕಳೆದುಕೊಂಡು. ಒಂದು ದೊಡ್ಡ ಟೆಲಿ ಜೂಮ್ ಲೆನ್ಸಿನ ಎಡಬದಿ ಸದಾ ಮಂಕಾಗಿ ಬರುತ್ತಿತ್ತು. ಕೌಂಟರಿನಲ್ಲಿ ‘ಫೋಕಸ್ ಸರಿ ಇಲ್ಲ’ ಎಂದಷ್ಟೇ ಹೇಳಿದೆ, ಅವರು ಜಾಬ್ ಶೀಟಿನಲ್ಲಿ ಅದನ್ನೇ ಬರೆದುಕೊಂಡರು. ಮೂರು ವಾರದ ನಂತರ ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಲೆನ್ಸು ಮರಳಿತು. ಅವರು ನೋಡಿದ್ದು ಚಿತ್ರದ ನಡುಭಾಗವನ್ನು, ಅಲ್ಲಿ ದೋಷ ಇರಲೇ ಇಲ್ಲ. ಎರಡನೆಯ ಸಲ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಟ್ರೈಪಾಡ್ ನೆಟ್ಟಗೆ ನಿಲ್ಲಿಸಿ, ಒಂದೇ ದೂರದಿಂದ ಆರು ಫೋಟೋ ತೆಗೆದೆ. ಬಲಗಡೆಯ ಹಾಳೆಯಲ್ಲಿ ವರ್ಗೀಕೃತ ಜಾಹೀರಾತಿನ ಚಿಕ್ಕ ಅಕ್ಷರಗಳನ್ನು ಓದಲು ಆಗುತ್ತಿತ್ತು, ಎಡಗಡೆಯ ಹಾಳೆಯಲ್ಲಿ ತಲೆಬರಹಕ್ಕೂ ನೆರಳು ಬಂದಿತ್ತು. ಆ ಪ್ರಿಂಟನ್ನು ಮೇಜಿನ ಮೇಲಿಟ್ಟ ಮೇಲೆ ಯಾರೂ ವಾದ ಮಾಡಲಿಲ್ಲ. ಒಳಗಿನ ಒಂದು ಗಾಜು ನಡುವಿನಿಂದ ಸರಿದಿತ್ತು, ಸರಿಮಾಡಿ ಕೊಟ್ಟರು.

ಆದ್ದರಿಂದ ತೊಂದರೆಯನ್ನು ಯಾವಾಗ, ಯಾವ ಲೆನ್ಸಿನಲ್ಲಿ, ಯಾವ ಅಪರ್ಚರಿನಲ್ಲಿ (ಲೆನ್ಸಿನಲ್ಲಿ ಬೆಳಕು ಬರುವ ಕಂಡಿಯ ಅಳತೆ), ಚಿತ್ರದ ಯಾವ ಭಾಗದಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು, ಮಾದರಿ ಫೋಟೋಗಳನ್ನು ಜೊತೆಗಿಡಿ. ಕ್ಯಾಮೆರಾದ ನಾಲ್ಕೂ ಬದಿಯ ಫೋಟೋ ತೆಗೆದು, ಸೀರಿಯಲ್ ನಂಬರ್ ಕಾಣುವ ಚಿತ್ರವನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಮೆಮೊರಿ ಕಾರ್ಡು, ಬೆಲ್ಟು, ಫಿಲ್ಟರು ತೆಗೆದು ಮನೆಯಲ್ಲಿಡಿ. ಜಾಬ್ ಶೀಟಿನಲ್ಲಿ ನೀವು ಹೇಳಿದ್ದನ್ನೇ ಬರೆದಿದ್ದಾರೆಯೇ ಎಂದು ಓದಿದ ಮೇಲೆ ಸಹಿ ಮಾಡಿ.

## ದುರಸ್ತಿಯ ಒಳಗಿನ ವಿಷಯಗಳು

ಲೆನ್ಸಿನೊಳಗೆ ಜೇಡರ ಬಲೆಯಂತೆ ಏನೋ ಕಾಣುತ್ತಿದೆ. ಹೋಗುತ್ತದೆಯೇ?

ಅದು ಬೂಷ್ಟು, ಎಲ್ಲರೂ ಫಂಗಸ್ ಎನ್ನುವುದು ಅದನ್ನೇ. ತೀರ್ಥಹಳ್ಳಿ, ಸಕಲೇಶಪುರ, ಮಡಿಕೇರಿಯ ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಎಷ್ಟು ಬೇಗ ತೋರಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಳೆಗಳು ಈಗಷ್ಟೇ ಹರಡಿದ್ದರೆ ಲೆನ್ಸು ಬಿಚ್ಚಿ ಗಾಜನ್ನು ಒರೆಸಿದರೆ ಪೂರ್ತಿ ಹೋಗುತ್ತದೆ. ತಡವಾದರೆ ಬೂಷ್ಟು ಹೊರಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿಂದುಹಾಕುತ್ತದೆ. ಆಗ ಬೂಷ್ಟನ್ನು ತೆಗೆದರೂ ಅದರ ಗುರುತು ಗಾಜಿನ ಮೇಲೆ ಕೆತ್ತಿದಂತೆ ಉಳಿಯುತ್ತದೆ. ಎರಡು ಗಾಜುಗಳನ್ನು ಅಂಟಿಸಿದ ಜಾಗದ ನಡುವೆ ಬೂಷ್ಟು ಹೊಕ್ಕಿದ್ದರೆ ಆ ಜೋಡಿಯನ್ನೇ ಬದಲಿಸಬೇಕು, ಹಳೆಯ ಲೆನ್ಸುಗಳಿಗೆ ಅಂಥ ಜೋಡಿ ಸಿಗುವುದು ಅಪರೂಪ.

ಮಳೆಗಾಲದ ನಾಲ್ಕು ತಿಂಗಳು ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಲೇಬಾರದು, ಚರ್ಮ ತೇವವನ್ನು ಹಿಡಿದಿಡುತ್ತದೆ. ತೇವಾಂಶವನ್ನು ಶೇಕಡಾ 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಒಂದು ಲೆನ್ಸಿನ ದುರಸ್ತಿಗಿಂತ ಅಗ್ಗ. ಅದು ಸಾಧ್ಯವಾಗದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಚಿಕ್ಕ ತೇವಮಾಪಕ ಸಾಕು. ಜೆಲ್ಲನ್ನು ಬಣ್ಣ ಬದಲಾದಾಗಲೆಲ್ಲ ಬಿಸಿಮಾಡಿ ಒಣಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲೆನ್ಸುಗಳನ್ನು ಆಗಾಗ ಹೊರತೆಗೆದು ಬಳಸಬೇಕು.

ಕ್ಯಾಮೆರಾ ಬಿದ್ದಿತ್ತು. ಹೊರಗೆ ಒಂದು ಗೀರೂ ಇಲ್ಲ, ಆದರೂ ಚಿತ್ರ ಮೊದಲಿನಂತೆ ಬರುತ್ತಿಲ್ಲ ಎನಿಸುತ್ತದೆ. ಇದು ನನ್ನ ಭ್ರಮೆಯೇ?

ಭ್ರಮೆ ಇರಲಾರದು. ಲೆನ್ಸು ಕೂರುವ ಲೋಹದ ಬಳೆಗೂ ಸೆನ್ಸರಿಗೂ ನಡುವಿನ ದೂರ ಪ್ರತಿ ವ್ಯವಸ್ಥೆಯಲ್ಲೂ ನಿಗದಿಯಾಗಿದೆ: ನಿಕಾನ್ ಎಫ್ ಮೌಂಟಿಗೆ 46.5 ಮಿಲಿಮೀಟರ್, ಕ್ಯಾನನ್ ಇಎಫ್‌ಗೆ 44, ಲೈಕಾ ಎಂಗೆ 27.8. ಈ ದೂರ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ ತಪ್ಪಿದರೂ, ಅಥವಾ ಬಳೆ ಒಂದು ಬದಿಗೆ ಕೂದಲೆಳೆಯಷ್ಟು ವಾಲಿದರೂ, ದೊಡ್ಡ ಅಪರ್ಚರಿನಲ್ಲಿ ತೆಗೆದ ಚಿತ್ರದ ಒಂದು ಬದಿ ಮಂಕಾಗುತ್ತದೆ. ಇದನ್ನು ಅಳೆಯಲು ಸರ್ವಿಸ್ ಸೆಂಟರಿನಲ್ಲಿ ಬೇರೆಯೇ ಉಪಕರಣ ಇರುತ್ತದೆ, ಬರಿಗಣ್ಣಿಗೆ ಕಾಣಿಸದು. ಎರಡು ಲೆನ್ಸು ಹಾಕಿ ನೋಡಿ: ಎರಡರಲ್ಲೂ ಒಂದೇ ಬದಿ ಮಂಕಾದರೆ ದೋಷ ಬಾಡಿಯದು, ಒಂದರಲ್ಲಿ ಮಾತ್ರವಾದರೆ ಲೆನ್ಸಿನದು. ಬಿದ್ದ ವಿಷಯವನ್ನು ಮುಚ್ಚಿಡಬೇಡಿ. ಬಿಚ್ಚಿದವರಿಗೆ ಅದು ತಿಳಿದೇ ತಿಳಿಯುತ್ತದೆ, ಮುಚ್ಚಿಟ್ಟರೆ ನಿಮ್ಮ ಮುಂದಿನ ಮಾತನ್ನೂ ಅವರು ನಂಬುವುದಿಲ್ಲ.

ಲೈಕಾದಲ್ಲಿ ಎರಡು ಬಿಂಬ ಸೇರಿಸಿಯೇ ಫೋಕಸ್ ಮಾಡಿದರೂ ಚಿತ್ರ ಮಂಕಾಗಿ ಬರುತ್ತಿದೆ. ಕಣ್ಣಿನ ದೋಷವೋ, ಕ್ಯಾಮೆರಾದ ದೋಷವೋ?

ಮನೆಯಲ್ಲೇ ಪರೀಕ್ಷಿಸಬಹುದು. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ, ಒಂದು ಕಿಲೋಮೀಟರಿಗಿಂತ ದೂರವಿರುವ ಚೂಪಾದ ವಸ್ತುವನ್ನು ನೋಡಿ. ಮೈಸೂರಿನಲ್ಲಿರುವವರಿಗೆ ಚಾಮುಂಡಿ ಬೆಟ್ಟದ ಗೋಪುರ ಇದಕ್ಕೆ ಹೇಳಿಮಾಡಿಸಿದಂತಿದೆ. ಬೇರೆಲ್ಲಿಯಾದರೂ ಚಂದ್ರನ ಅಂಚು ಸಾಕು. ಎರಡು ಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಕ್ಕಪಕ್ಕ ಸರಿದಿದ್ದರೆ ಫೋಕಸ್ ತಪ್ಪುತ್ತದೆ. ಮೇಲೆ ಕೆಳಗೆ ಸರಿದಿದ್ದರೆ ಫೋಕಸ್ ಅಷ್ಟಾಗಿ ತಪ್ಪದಿದ್ದರೂ ಕಣ್ಣಿಗೆ ದಣಿವಾಗುತ್ತದೆ.

ಈ ವ್ಯವಸ್ಥೆ ಎಷ್ಟು ಸೂಕ್ಷ್ಮ ಎಂಬುದು ತಿಳಿದರೆ ಕ್ಯಾಮೆರಾದ ಮೇಲೆ ಬೇಸರವಾಗುವುದಿಲ್ಲ. ಆ ಎರಡು ಬಿಂಬಗಳನ್ನು ಒಳಗೆ ಬಿಡುವ ಎರಡು ಕಿಟಕಿಗಳ ನಡುವಿನ ಅಂತರ 69.25 ಮಿಲಿಮೀಟರ್, ಎಂ9ರ ವ್ಯೂಫೈಂಡರ್ ದೃಶ್ಯವನ್ನು 0.68ರಷ್ಟಕ್ಕೆ ಕುಗ್ಗಿಸಿ ತೋರಿಸುವುದರಿಂದ ಕೆಲಸಕ್ಕೆ ಬರುವ ಅಂತರ ಸುಮಾರು 47 ಮಿಲಿಮೀಟರ್ ಮಾತ್ರ. ಅಷ್ಟರಲ್ಲೇ 50 ಎಂಎಂ ಎಫ್ 1.4 ಲೆನ್ಸಿನ ತೆಳುವಾದ ಫೋಕಸನ್ನು ಹಿಡಿಯಬೇಕು. ಬಸ್ಸಿನಲ್ಲಿ, ಜೀಪಿನಲ್ಲಿ ಕುಲುಕಿದರೂ ಒಳಗಿನ ಚಿಕ್ಕ ಉರುಳೆ ಸ್ಥಾನ ತಪ್ಪಬಹುದು. ಆ ಉರುಳೆಯನ್ನು ತಿರುಗಿಸುವ ವಿಧಾನ ಎಲ್ಲೆಡೆ ಸಿಗುತ್ತದೆ. ಆದರೆ ಅನಂತವನ್ನು ಸರಿಮಾಡಿದರೆ ಹತ್ತಿರದ ಫೋಕಸ್ ತಪ್ಪುವ ಸಂಭವ ಇರುವುದರಿಂದ ತಿಳಿದವರ ಕೈಗೆ ಕೊಡುವುದು ಒಳ್ಳೆಯದು. ಕೊಡುವಾಗ ನೀವು ಹೆಚ್ಚು ಬಳಸುವ ಲೆನ್ಸನ್ನೂ ಜೊತೆಗೇ ಕೊಡಿ.

ಹ್ಯಾಸಲ್‌ಬ್ಲಾಡ್ 500 ಸರಣಿಯ ಕ್ಯಾಮೆರಾ ಸಿಕ್ಕಿಕೊಂಡುಬಿಟ್ಟಿದೆ. ಲೆನ್ಸು ಹೊರಗೆ ಬರುತ್ತಿಲ್ಲ, ಕೀಲಿಯೂ ತಿರುಗುತ್ತಿಲ್ಲ.

ಬಲವಂತ ಮಾಡಬೇಡಿ. 1957ರ 500ಸಿ ಇಂದ ಈ ಸರಣಿಯ ಶಟರ್ ಲೆನ್ಸಿನೊಳಗೆ ಇದೆ, ಅದನ್ನು ಬಿಗಿಮಾಡುವ ಕೀಲಿ ಬಾಡಿಯಲ್ಲಿದೆ. ಎರಡನ್ನೂ ಒಂದು ಚಿಕ್ಕ ತಿರುಪು ಜೋಡಿಸುತ್ತದೆ. ಲೆನ್ಸು ಹಾಕುವಾಗಲೂ ತೆಗೆಯುವಾಗಲೂ ಬಾಡಿ ಮತ್ತು ಲೆನ್ಸು ಎರಡೂ ಬಿಗಿಯಾದ ಸ್ಥಿತಿಯಲ್ಲೇ ಇರಬೇಕು; ಒಂದು ಸಡಿಲವಾಗಿದ್ದರೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಸಲ ಹೀಗಾಗುವುದು ಹತ್ತಿರದ ಚಿತ್ರ ತೆಗೆಯಲು ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಕೊಳವೆ, ಅಂದರೆ ಎಕ್ಸ್‌ಟೆನ್ಷನ್ ಟ್ಯೂಬ್ ಬಳಸಿದಾಗ. ಮೊದಲು ಟ್ಯೂಬನ್ನು ಬಾಡಿಗೆ ಹಾಕಿ, ನಂತರ ಲೆನ್ಸನ್ನು ಟ್ಯೂಬಿಗೆ ಹಾಕಬೇಕು. ತೆಗೆಯುವಾಗ ಮೊದಲು ಲೆನ್ಸು, ಆಮೇಲೆ ಟ್ಯೂಬು. ಸಿಕ್ಕಿಕೊಂಡದ್ದನ್ನು ಫಿಲ್ಮ್ ಬ್ಯಾಕ್ (ಹಿಂದೆ ಸಿಕ್ಕಿಸುವ ಫಿಲ್ಮಿನ ಡಬ್ಬಿ) ತೆಗೆದು ಹಿಂದಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಬಿಡಿಸುವ ಕ್ರಮ ಒಂದಿದೆ. ಕೈ ಸ್ವಲ್ಪ ಜಾರಿದರೂ ಲೆನ್ಸಿನ ಹಿಂದಿನ ಗಾಜಿಗೆ ಗೀರು ಬೀಳುತ್ತದೆ. ಮೊದಲ ಸಲ ಅದನ್ನು ಬಲ್ಲವರ ಪಕ್ಕದಲ್ಲಿ ಕುಳಿತು ನೋಡಿ ಕಲಿಯಿರಿ.

ಶಟರ್ 2,00,000 ಕ್ಲಿಕ್ಕಿಗೆ ಎಂದು ಬರೆದಿದೆ. ಅಷ್ಟಾದ ಮೇಲೆ ಕ್ಯಾಮೆರಾ ಮುಗಿಯಿತೇ?

ಇಲ್ಲ. ಅದು ಕಂಪನಿ ಪರೀಕ್ಷಿಸಿ ಹೇಳುವ ಅಂದಾಜು. ನಿಕಾನ್ ಡಿ850ಕ್ಕೆ 2,00,000, ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3ಕ್ಕೆ 5,00,000 ಎಂದಿದೆ. ಮುಂಚೆಯೇ ಹೋದದ್ದೂ ಉಂಟು, ದುಪ್ಪಟ್ಟು ನಡೆದದ್ದೂ ಉಂಟು. ಶಟರ್ ಬದಲಿಸಬಹುದಾದ ಭಾಗ. 2021ರ ನಿಕಾನ್ ಜೆಡ್9ರಲ್ಲಿ ಯಾಂತ್ರಿಕ ಶಟರೇ ಇಲ್ಲ.

## ತಪ್ಪು ಕಂಪನಿಯದೇ ಆದಾಗ

ಲೈಕಾ ಎಂ9ರ ಸೆನ್ಸರ್ ಹಾಳಾಗುತ್ತದೆ ಎನ್ನುತ್ತಾರೆ. ನಿಜವಾಗಿ ಆದದ್ದೇನು?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದುಬಾರಿ ಕ್ಯಾಮೆರಾ ಕಂಪನಿಯೊಂದು ಒಳ್ಳೆಯದನ್ನೂ ಅರ್ಧಕ್ಕೆ ಕೈಬಿಡುವುದನ್ನೂ ಒಂದೇ ಪ್ರಕರಣದಲ್ಲಿ ತೋರಿಸಿದ ಉದಾಹರಣೆ ಇದು.

ಎಂ9 ಬಂದದ್ದು 2009ರ ಸೆಪ್ಟೆಂಬರಿನಲ್ಲಿ. ಪೂರ್ಣ ಚೌಕಟ್ಟಿನ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಅದು; 18 ಮೆಗಾಪಿಕ್ಸೆಲ್ಲಿನ, ಸಿಸಿಡಿ ಎಂಬ ಬಗೆಯ ಸೆನ್ಸರನ್ನು ಕೊಡಾಕ್ ತಯಾರಿಸಿತ್ತು. ಎಂ8ರಲ್ಲಿ ಅನುಭವಿಸಿದ ಅವಗೆಂಪಿನ ತೊಂದರೆ ಮರುಕಳಿಸದಂತೆ ಈ ಸಲ ಹೆಚ್ಚು ಬಲವಾಗಿ ತಡೆಯುವ, ಆದರೂ ತೆಳುವಾದ ಗಾಜನ್ನು ಸೆನ್ಸರಿನ ಮೇಲೆ ಹೊದಿಸಲಾಗಿತ್ತು. ಆ ಬಗೆಯ ಗಾಜಿಗೆ ತೇವ ಆಗಿಬರುವುದಿಲ್ಲ. ಮೇಲಿನ ಕೋಟಿಂಗಿನಲ್ಲಿ ಎಲ್ಲಾದರೂ ಸೂಕ್ಷ್ಮ ಬಿರುಕಿದ್ದರೆ ಗಾಳಿಯ ತೇವ ಅಲ್ಲಿಂದ ಒಳಹೊಕ್ಕು ಗಾಜು ಸವೆಯಲು ಆರಂಭಿಸುತ್ತದೆ. ಅಪರ್ಚರನ್ನು ಎಫ್ 16ಕ್ಕೆ ಇಳಿಸಿ ಬಿಳಿ ಆಕಾಶದ ಫೋಟೋ ತೆಗೆದು ಪೂರ್ತಿ ದೊಡ್ಡದಾಗಿಸಿ ನೋಡಿದರೆ, ನಡುವೆ ಕಪ್ಪು, ಸುತ್ತ ತಿಳಿಯಾದ ಉಂಗುರ ಇರುವ ಚುಕ್ಕೆಗಳು ಕಾಣುತ್ತವೆ. ಧೂಳಾಗಿದ್ದರೆ ಬ್ಲೋಅರಿನ ಗಾಳಿಗೆ ಜಾಗ ಬದಲಿಸುತ್ತದೆ, ಒದ್ದೆ ಸ್ವಾಬಿಗೆ ಹೋಗುತ್ತದೆ. ಈ ಚುಕ್ಕೆಗಳು ಕದಲುವುದಿಲ್ಲ.

2014ರ ಕೊನೆಯಲ್ಲಿ ಲೈಕಾ ತಪ್ಪನ್ನು ಒಪ್ಪಿಕೊಂಡು, ಎಂ9, ಎಂ9-ಪಿ, ಎಂ-ಇ ಮತ್ತು ಎಂ ಮೊನೊಕ್ರೋಮ್ ಕ್ಯಾಮೆರಾಗಳಲ್ಲಿ ಈ ಸವೆತ ಕಂಡರೆ, ಕ್ಯಾಮೆರಾ ಎಷ್ಟೇ ಹಳೆಯದಾಗಿದ್ದರೂ, ಮೊದಲ ಮಾಲೀಕರದಲ್ಲದಿದ್ದರೂ, ಸೆನ್ಸರನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಬೇರೆ ಗಾಜು ಹೊದಿಸಿದ ಹೊಸ ಸೆನ್ಸರ್ ಸಿದ್ಧವಾದದ್ದು 2015ರಲ್ಲಿ. ಜರ್ಮನಿಯ ವೆಟ್ಸ್‌ಲರಿಗೆ ಕ್ಯಾಮೆರಾ ಕಳುಹಿಸಿದವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಹಾಗಿದ್ದರೂ ಐದು ವರ್ಷ ಹಳೆಯ ಎಲೆಕ್ಟ್ರಾನಿಕ್ ವಸ್ತುವಿನ ಅತ್ಯಂತ ದುಬಾರಿ ಭಾಗವನ್ನು ಉಚಿತವಾಗಿ ಬದಲಿಸಿಕೊಡುವ ಕಂಪನಿಗಳು ಬೆರಳೆಣಿಕೆಯಷ್ಟೂ ಇಲ್ಲ. ಆ ಮಟ್ಟಿಗೆ ಲೈಕಾ ನಡೆದುಕೊಂಡ ರೀತಿ ನನ್ನ ಗೌರವ ಗಳಿಸಿತು.

ಆ ಮಾತು ಪೂರ್ತಿ ಉಳಿಯಲಿಲ್ಲ. 2017ರ ಆಗಸ್ಟಿನಲ್ಲಿ ನಿಯಮ ಬದಲಾಗಿ, ಹೊಸದಾಗಿ ಕೊಂಡು ಐದು ವರ್ಷದೊಳಗಿನ ಕ್ಯಾಮೆರಾಗಳಿಗೆ ಮಾತ್ರ ಉಚಿತ ಎಂದಾಯಿತು. ಉಳಿದವರು ಸಾವಿರ ಯೂರೋಗಿಂತ ಸ್ವಲ್ಪ ಕಡಿಮೆ ಮೊತ್ತ ಕೊಡಬೇಕಿತ್ತು. 2020ರ ಆಗಸ್ಟಿನಲ್ಲಿ ಸೆನ್ಸರಿನ ದಾಸ್ತಾನು ಮುಗಿದು ಬದಲಾವಣೆಯೇ ನಿಂತಿತು. ಹಳೆಯ ಕ್ಯಾಮೆರಾ ಕೊಟ್ಟು ಹೊಸ ಮಾದರಿಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಅವಕಾಶ ಮಾತ್ರ ಉಳಿಯಿತು. ಬೇರೆ ಕಾರ್ಖಾನೆಯಲ್ಲಿ ತಯಾರಾಗುವ ಸೆನ್ಸರನ್ನು ನೆಚ್ಚಿಕೊಂಡ ಮೇಲೆ ಅನಿರ್ದಿಷ್ಟ ಕಾಲದ ಭರವಸೆ ಕೊಡುವುದು ಕಷ್ಟ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಭರವಸೆ ಕೊಟ್ಟ ದಿನವೇ ಅದರ ಅವಧಿಯನ್ನೂ ಹೇಳಿದ್ದರೆ, ಚುಕ್ಕೆಗಳು ಇನ್ನೂ ಕಾಣಿಸದಿದ್ದ ಕಾರಣಕ್ಕೆ ಕಾದು ಕುಳಿತವರು ಮೋಸ ಹೋಗುತ್ತಿರಲಿಲ್ಲ.

ಹಾಗಾದರೆ ಈಗ ಸೆಕೆಂಡ್ ಹ್ಯಾಂಡ್ ಎಂ9 ಕೊಳ್ಳಬಹುದೇ?

ಸೆನ್ಸರ್ ಬದಲಾಗಿದೆ ಎಂಬುದಕ್ಕೆ ಲೈಕಾದ ದುರಸ್ತಿ ಬಿಲ್ಲು ಇದ್ದು, ಅದರಲ್ಲಿನ ಸೀರಿಯಲ್ ನಂಬರ್ ಕ್ಯಾಮೆರಾದ ನಂಬರಿಗೆ ಹೊಂದಿದರೆ ಕೊಳ್ಳಬಹುದು. ಬದಲಿಸಿದ ಸೆನ್ಸರುಗಳಲ್ಲೂ 2015ಕ್ಕಿಂತ ಮುಂಚಿನವು ಹಳೆಯ ಗಾಜಿನವೇ, ಆದ್ದರಿಂದ ಬಿಲ್ಲಿನ ತಾರೀಖು ನೋಡುವುದು ಅಗತ್ಯ. ಬಿಲ್ಲಿಲ್ಲದ ಕ್ಯಾಮೆರಾ ಈಗ ಚೆನ್ನಾಗಿ ಕಂಡರೂ, ನಮ್ಮ ಕರಾವಳಿಯ ಮತ್ತು ಮಲೆನಾಡಿನ ತೇವದಲ್ಲಿ ಎಷ್ಟು ದಿನ ಹಾಗೆಯೇ ಇದ್ದೀತು ಎಂದು ಯಾರೂ ಹೇಳಲಾರರು. ಅಮೆರಿಕದ ಕೊಲಾರಿ ವಿಷನ್ ಎಂಬ ಖಾಸಗಿ ಸಂಸ್ಥೆ ಹಾಳಾದ ಗಾಜನ್ನು ಮಾತ್ರ ಬಿಡಿಸಿ ಹೊಸದನ್ನು ಕೂರಿಸುವ ಕೆಲಸ ಮಾಡಿದೆ. ಅಲ್ಲಿಗೆ ಕಳುಹಿಸಿ ತರಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಬೆಲೆ ಮಾತಾಡಿ.

ನಿಕಾನ್ ಡಿ600 ವಿಷಯದಲ್ಲಿ ಅಷ್ಟು ಗಲಾಟೆ ಏಕಾಯಿತು? ಸೆನ್ಸರಿನ ಮೇಲೆ ಧೂಳು ಎಲ್ಲ ಕ್ಯಾಮೆರಾದಲ್ಲೂ ಬರುತ್ತದಲ್ಲ?

ಬರುತ್ತದೆ, ಆದರೆ ಲೆನ್ಸು ಬದಲಿಸಿದಾಗ ಹೊರಗಿನಿಂದ ಬರುತ್ತದೆ. 2012ರ ಸೆಪ್ಟೆಂಬರಿನಲ್ಲಿ ಬಂದ ಡಿ600ರಲ್ಲಿ ಲೆನ್ಸನ್ನು ಒಮ್ಮೆಯೂ ತೆಗೆಯದವರ ಚಿತ್ರಗಳಲ್ಲೂ, ಮುಖ್ಯವಾಗಿ ಎಡ ಮೇಲ್ಮೂಲೆಯಲ್ಲಿ, ಚುಕ್ಕೆಗಳು ತುಂಬಿಕೊಳ್ಳುತ್ತಿದ್ದವು. ಕೆಲವರು ನೂರಾರು ಚಿತ್ರಗಳನ್ನು ಸಾಲಾಗಿ ಜೋಡಿಸಿ ಚುಕ್ಕೆಗಳು ಹೆಚ್ಚುತ್ತಾ ಹೋಗುವುದನ್ನು ತೋರಿಸಿದರು. ಬೆರಳು ತೋರಿದ್ದು ಶಟರಿನ ಕಡೆಗೆ. 2013ರ ಆರಂಭದಲ್ಲಿ ಕಂಪನಿ ಸೆನ್ಸರ್ ಶುಚಿಗೊಳಿಸಿಕೊಳ್ಳುವ ಕ್ರಮವನ್ನಷ್ಟೇ ತಿಳಿಸಿ, ಬೇಕಾದರೆ ಸರ್ವಿಸ್ ಸೆಂಟರಿಗೆ ತನ್ನಿ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಶಟರ್ ಹೊಂದಿದ, ಉಳಿದಂತೆ ಬಹುಪಾಲು ಅದೇ ಆದ ಡಿ610 ಬಿಡುಗಡೆಯಾದಾಗ ಡಿ600 ಕೊಂಡವರಿಗೆ ಆದ ನೋವನ್ನು ಊಹಿಸಬಹುದು.

ವಾರಂಟಿ ಮುಗಿದಿದ್ದರೂ ಪರೀಕ್ಷಿಸಿ, ಶುಚಿಮಾಡಿ, ಶಟರನ್ನೂ ಉಚಿತವಾಗಿ ಬದಲಿಸಿಕೊಡುತ್ತೇವೆ ಎಂಬ ಪ್ರಕಟಣೆ ಬಂದದ್ದು 2014ರ ಫೆಬ್ರವರಿಯಲ್ಲಿ. ಮಾರ್ಚ್ 15ರ ಗ್ರಾಹಕ ದಿನದಂದು ಚೀನಾದ ಸರ್ಕಾರಿ ಟಿವಿ ಈ ವಿಷಯವನ್ನು ಎತ್ತಿಕೊಂಡಿತು, ಕೂಡಲೇ ಶಾಂಘೈ ಅಧಿಕಾರಿಗಳು ಡಿ600 ಮಾರಾಟ ನಿಲ್ಲಿಸಲು ಆದೇಶಿಸಿದರು. ದುರಸ್ತಿಯ ನಂತರವೂ ಚುಕ್ಕೆ ಉಳಿದರೆ ಕ್ಯಾಮೆರಾವನ್ನೇ ಬದಲಿಸಿಕೊಡಲು ಕಂಪನಿ ಒಪ್ಪಿದ್ದು ಆ ಬಳಿಕ. ಒಂದೂವರೆ ವರ್ಷ ಗ್ರಾಹಕರು ಚಿತ್ರಗಳ ಸಮೇತ ಹೇಳಿದ್ದು, ದೊಡ್ಡ ಮಾರುಕಟ್ಟೆಯೊಂದು ಕೈಬಿಟ್ಟು ಹೋಗುವ ಭಯ ಹುಟ್ಟಿದಾಗ ಪೂರ್ತಿಯಾಗಿ ಈಡೇರಿತು. ನ್ಯಾಯ ಸಿಕ್ಕಿತು ಎಂದು ಸಂತೋಷವಾದರೂ, ಮೊದಲ ಪತ್ರಕ್ಕೇ ಸಿಗಬೇಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ನನ್ನ ಕ್ಯಾಮೆರಾಕ್ಕೂ ಇಂಥ ಉಚಿತ ದುರಸ್ತಿ ಇದೆಯೇ ಎಂದು ತಿಳಿಯುವುದು ಹೇಗೆ?

ಕಂಪನಿಯ ತಾಣದಲ್ಲಿ ಸರ್ವಿಸ್ ಪ್ರಕಟಣೆಗಳ ಪುಟ ಇರುತ್ತದೆ, ಅಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಬೇಕು. ಒಮ್ಮೆ ನೋಡಿ ಇಲ್ಲ ಎಂದರೆ ಬಿಟ್ಟುಬಿಡಬೇಡಿ. ನಿಕಾನ್ ಡಿ750ರ ಶಟರ್ ಪ್ರಕಟಣೆ 2015ರಲ್ಲಿ ಬಂತು. 2016ರಲ್ಲೂ 2017ರಲ್ಲೂ ಇನ್ನಷ್ಟು ಕ್ಯಾಮೆರಾಗಳು ಆ ಪಟ್ಟಿಗೆ ಸೇರಿದವು. 2023ರಲ್ಲಿ ಜೆಡ್8ಕ್ಕೆ ಬೆಲ್ಟು ಸಿಕ್ಕಿಸುವ ಕೊಂಡಿಯ ಬಗ್ಗೆ ಒಂದು, ಲೆನ್ಸು ಕೂರುವ ಬಳೆಯ ಬಗ್ಗೆ ಇನ್ನೊಂದು ಪ್ರಕಟಣೆ ಬಂದವು. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ ಮಾರುವವರಿಂದ ಸೀರಿಯಲ್ ನಂಬರ್ ಕೇಳಿ ಈ ಪುಟ ನೋಡುವುದು ಐದು ನಿಮಿಷದ ಕೆಲಸ.

## ಮುಂದುವರಿದ ಪ್ರಶ್ನೆಗಳು

ಕಂಪನಿಯ ಸರ್ವಿಸ್ ಸೆಂಟರೇ ಬೇಕೇ, ಹೊರಗಿನ ರಿಪೇರಿಯವರ ಬಳಿ ಹೋಗಬಹುದೇ?

ಏನು ಕೆಟ್ಟಿದೆ ಎಂಬುದನ್ನು ನೋಡಿ ನಿರ್ಧರಿಸಿ. ಹಳೆಯ ಯಾಂತ್ರಿಕ ಕ್ಯಾಮೆರಾಗಳಿಗೆ, ಬೂಷ್ಟು ತೆಗೆಯಲು, ಗ್ರೀಸ್ ಬದಲಿಸಲು ಅನುಭವಿ ಮೆಕ್ಯಾನಿಕ್ಕಿನ ಕೈಯನ್ನು ನಾನು ಹೆಚ್ಚು ನಂಬುತ್ತೇನೆ. ಅಂಥವರು ಬಿಡಿಭಾಗ ಸಿಗದಿದ್ದಾಗ ಲೇತಿನಲ್ಲಿ ಕಡೆದು ಕೂರಿಸಿದ್ದನ್ನು ಕಂಡಿದ್ದೇನೆ. ಆದರೆ ಇಂದಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದಲ್ಲಿ ಸೆನ್ಸರಿನ ಕಂಪನ ತಡೆಯುವ ಭಾಗ ಬದಲಿಸಿದರೆ ಕಂಪನಿಯ ಸಾಫ್ಟ್‌ವೇರಿನಿಂದಲೇ ಅದನ್ನು ಹೊಂದಿಸಬೇಕು, ಅದು ಹೊರಗಿನವರಿಗೆ ಸಿಗುವುದಿಲ್ಲ. ಬಿಡಿಭಾಗಗಳ ಬಾಗಿಲೂ ಮುಚ್ಚುತ್ತಾ ಬಂದಿದೆ: ಅಮೆರಿಕದಲ್ಲಿ ನಿಕಾನ್ 2012ರಲ್ಲಿ ಸ್ವತಂತ್ರ ರಿಪೇರಿ ಅಂಗಡಿಗಳಿಗೆ ಬಿಡಿಭಾಗ ಮಾರುವುದನ್ನು ನಿಲ್ಲಿಸಿತು, 2020ರ ಮಾರ್ಚಿನ ಕೊನೆಗೆ ತಾನೇ ಮಾನ್ಯ ಮಾಡಿದ್ದ ಅಂಗಡಿಗಳ ವ್ಯವಸ್ಥೆಯನ್ನೂ ಕೊನೆಗೊಳಿಸಿತು. ತಾನು ಹಣ ಕೊಟ್ಟು ಕೊಂಡ ವಸ್ತುವನ್ನು ಎಲ್ಲಿ ರಿಪೇರಿ ಮಾಡಿಸಬೇಕು ಎಂಬ ಆಯ್ಕೆ ಮಾಲೀಕನಿಗೆ ಇರಬೇಕು ಎಂದು ನಂಬುವವನು ನಾನು, ಈ ಬೆಳವಣಿಗೆ ನನಗೆ ಒಪ್ಪಿಗೆಯಿಲ್ಲ.

ದುರಸ್ತಿಗೆ ವಿದೇಶಕ್ಕೆ ಕಳುಹಿಸಿದರೆ ವಾಪಸು ಬರುವಾಗ ಮತ್ತೆ ಸುಂಕ ಕಟ್ಟಬೇಕೇ?

ಕ್ಯಾಮೆರಾದ ಪೂರ್ತಿ ಬೆಲೆಯ ಮೇಲೆ ಕಟ್ಟಬೇಕಾಗಿಲ್ಲ, ಆದರೆ ಅದಕ್ಕೆ ಕಾಗದಪತ್ರ ಸರಿಯಾಗಿರಬೇಕು. ದುರಸ್ತಿಗೆಂದು ಹೊರಗೆ ಹೋಗಿ ಮರಳಿದ ವಸ್ತುವಿಗೆ ದುರಸ್ತಿಯ ವೆಚ್ಚ, ಸಾಗಣೆ ಮತ್ತು ವಿಮೆಯ ಮೊತ್ತದ ಮೇಲೆ ಮಾತ್ರ ಸುಂಕ ಹಾಕುವ ಅವಕಾಶ ಭಾರತದ ಕಸ್ಟಮ್ಸ್ ನಿಯಮದಲ್ಲಿದೆ. ಹೋದ ವಸ್ತುವೂ ಬಂದ ವಸ್ತುವೂ ಒಂದೇ ಎಂದು ಸೀರಿಯಲ್ ನಂಬರಿನಿಂದ ತೋರಿಸಬೇಕಾಗುತ್ತದೆ. ಕಳುಹಿಸುವಾಗಲೇ ‘ದುರಸ್ತಿಗಾಗಿ, ಮರಳಿ ಬರಲಿದೆ’ ಎಂಬ ಘೋಷಣೆ ಮತ್ತು ನಂಬರು ಕಾಗದದ ಮೇಲೆ ಬರದಿದ್ದರೆ, ಮರಳುವಾಗ ಹೊಸ ಕ್ಯಾಮೆರಾ ಎಂದೇ ಪರಿಗಣಿಸುವ ಅಪಾಯವಿದೆ. ನೀವೇ ಕೈಯಲ್ಲಿ ಹಿಡಿದುಕೊಂಡು ಹೋಗುವುದಾದರೆ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅದಕ್ಕಾಗಿ ಸ್ವಲ್ಪ ಬೇಗ ಹೋಗಬೇಕು. ಅಧಿಕೃತ ಸರ್ವಿಸ್ ಸೆಂಟರಿನ ಮೂಲಕ ಹೋದರೆ ಈ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಕಂಪನಿಯೇ ಕ್ಯಾಮೆರಾ ವ್ಯವಹಾರ ಬಿಟ್ಟರೆ ಮುಂದೇನು?

ಕೆಲವು ವರ್ಷ ಬಿಡಿಭಾಗ ಸಿಗುತ್ತದೆ, ಆಮೇಲೆ ಇಲ್ಲ. ಕ್ಯೋಸೆರಾ 2005ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಟೈಟಾನಿಯಂ ಮೈಯ ಕಾಂಟ್ಯಾಕ್ಸ್ ಟಿ2, ಟಿ3 ಕ್ಯಾಮೆರಾಗಳನ್ನು ಇಂದು ಜನ ಭಾರಿ ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ, ಆದರೆ ಒಳಗಿನ ಸರ್ಕ್ಯೂಟ್ ಸತ್ತರೆ ಇನ್ನೊಂದು ಸತ್ತ ಕ್ಯಾಮೆರಾದಿಂದ ಭಾಗ ತೆಗೆಯುವುದೊಂದೇ ದಾರಿ. ಕೊನಿಕಾ ಮಿನೋಲ್ಟಾ 2006ರಲ್ಲಿ ಹೊರಬಿದ್ದಾಗ ಸರ್ವಿಸ್ ಹೊಣೆಯನ್ನು ಸೋನಿಗೆ ವಹಿಸಿತು, ಗ್ರಾಹಕರು ನಡುನೀರಿನಲ್ಲಿ ನಿಲ್ಲಲಿಲ್ಲ. ಕ್ಯಾನನ್ ತನ್ನ ಕೊನೆಯ ಫಿಲ್ಮ್ ಎಸ್‌ಎಲ್‌ಆರ್ ಇಒಎಸ್-1ವಿ ಮಾರಾಟ 2018ರಲ್ಲಿ ನಿಂತಿತೆಂದು ಹೇಳುವಾಗಲೇ 2025ರ ಅಕ್ಟೋಬರ್ 31ರವರೆಗೆ ದುರಸ್ತಿಗೆ ತೆಗೆದುಕೊಳ್ಳುವುದಾಗಿ ದಿನಾಂಕ ಕೊಟ್ಟಿತು. ಇದು ನನಗೆ ಬಹಳ ಮೆಚ್ಚುಗೆಯಾದ ಕ್ರಮ: ಕೊನೆಯ ದಿನ ಗೊತ್ತಿದ್ದರೆ ಮಾಲೀಕರು ಮುಂಚೆಯೇ ಒಮ್ಮೆ ಪೂರ್ತಿ ಸರ್ವಿಸ್ ಮಾಡಿಸಿಕೊಳ್ಳಬಹುದು.

ಪೂರ್ತಿ ಯಾಂತ್ರಿಕವಾದ ಕ್ಯಾಮೆರಾಗಳ ಸ್ಥಿತಿ ಬೇರೆ. 1954ರ ಲೈಕಾ ಎಂ3 ಒಳಗೆ ಸತ್ತುಹೋಗಲು ಸರ್ಕ್ಯೂಟೇ ಇಲ್ಲ. ಗ್ರೀಸ್ ಒಣಗುತ್ತದೆ, ಶಟರಿನ ಪರದೆಯಲ್ಲಿ ಸೂಜಿರಂಧ್ರ ಬೀಳುತ್ತದೆ, ಎರಡನ್ನೂ ಸರಿಮಾಡಬಲ್ಲವರು ಇಂದಿಗೂ ಇದ್ದಾರೆ.

ಕಂಪನಿ ತನ್ನ ತಪ್ಪನ್ನು ಒಪ್ಪುತ್ತಲೇ ಇಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದೇ? ನಾನು ಮದುವೆ ಫೋಟೋಗ್ರಾಫರ್.

ಹೋಗಬಹುದು. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ, ಎಷ್ಟೋ ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದವರೆಗೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕನ್ನು ಈ ಕಾಯ್ದೆ ಕೊಟ್ಟಿದೆ. ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ತೊಂದರೆ ಉಂಟಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾದರೆ ಐದು ತಿಂಗಳು, ಇಲ್ಲವಾದರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ, ತಾಳ್ಮೆ ಬೇಕು.

ನಿಮ್ಮ ವೃತ್ತಿಯ ವಿಷಯ ಮುಖ್ಯವಾದದ್ದು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆಯಲ್ಲಿದೆ, ಕಂಪನಿಯ ವಕೀಲರು ಮೊದಲು ಹಿಡಿಯುವುದು ಇದನ್ನೇ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ಗಳಿಸಲೆಂದೇ ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂದು ಅದೇ ಕಾಯ್ದೆಯ ವಿವರಣೆ ಹೇಳುತ್ತದೆ. ಆದ್ದರಿಂದ ಕ್ಯಾಮೆರಾವನ್ನು ನಾನೇ ಬಳಸುತ್ತೇನೆ, ಇದರಿಂದಲೇ ನನ್ನ ಸಂಸಾರ ನಡೆಯುತ್ತದೆ ಎಂಬ ಸಾಲನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ. ಅದರ ಜೊತೆಗೆ ಬಿಲ್ಲು, ಪ್ರತಿಯೊಂದು ಜಾಬ್ ಶೀಟು, ಕಂಪನಿಗೆ ಬರೆದ ಮತ್ತು ಅವರಿಂದ ಬಂದ ಎಲ್ಲ ಪತ್ರಗಳು, ದೋಷ ತೋರಿಸುವ ಫೋಟೋಗಳ ಮೂಲ ಫೈಲುಗಳು ತಾರೀಖಿನ ಕ್ರಮದಲ್ಲಿ ಇರಲಿ. ಫೋನಿನಲ್ಲಿ ನಡೆದ ಮಾತುಕತೆಯನ್ನೂ ಅದೇ ದಿನ ಒಂದು ಇ-ಮೇಲಿನಲ್ಲಿ ‘ನೀವು ಹೀಗೆ ಹೇಳಿದಿರಿ’ ಎಂದು ಬರೆದು ಕಳುಹಿಸಿಟ್ಟುಕೊಳ್ಳಿ.